ಹೆರಿಗೆ ಹೊತ್ತಲ್ಲಿ ನಂಜಾಗದಂತೆ ನೀವು ಏನು ಮಾಡಿದಿರಿ? ಅನುಭವ ಇದ್ದವರು ಹೇಳಿ

ಹಾಸನ, 36 ವಾರ: ಇದು ನನಗೆ ಚೊಚ್ಚಲು. ಅಕ್ಕನಿಗೆ ಹೆರಿಗೆಯಾದ ಮೇಲೆ ನಂಜಾಗಿ ತುಂಬಾ ನರಳಿದಳು. ಭಯ ಆಗ್ತಿದೆ. ನೀವೆಲ್ಲ ಏನು ಎಚ್ಚರ ವಹಿಸಿದಿರಿ?

ಇಬ್ಬರ ತಾಯಿ, ದಾವಣಗೆರೆ: ರಾತ್ರಿ 2ಕ್ಕೆ ನೀರು ಹೋಯಿತು. ನೋವಿಲ್ಲ. "ನೋವು ಬರಲಿ, ತಾಳು" ಅಂದರು ಅತ್ತೆ. ನಾನೂ ಸುಮ್ನೆ ಮಲಗಿದೆ. ಆಸ್ಪತ್ರೆ ಸೇರಿದ್ದು ಸಂಜೆ 4ಕ್ಕೆ, ಮಗು ಹುಟ್ಟಿದ್ದು ಮಾರನೇ ದಿನ ಬೆಳಗಿನ ಜಾವ 4ಕ್ಕೆ. 26 ಗಂಟೆ! ನೀರು ಹೋಗಿ 18 ಗಂಟೆ ದಾಟಿದರೆ ನಂಜಿನ ಅಪಾಯ ಜಾಸ್ತಿ ಅಂತ ಡಾಕ್ಟರ್ ಬೈದಾಗಲೇ ಗೊತ್ತಾಗಿದ್ದು. ಮಗು 6 ದಿನ ಹಸುಗೂಸುಗಳ ತೀವ್ರ ನಿಗಾ ಘಟಕ ಎನ್‌ಐಸಿಯುನಲ್ಲಿ, ದಿನಕ್ಕೆ 9,500. ಔಷಧಿ, ರಕ್ತ ಪರೀಕ್ಷೆ 14,400. ಒಟ್ಟು 71,400. ಬಳೆ ಅಡವಿಟ್ಟೆವು, ಇನ್ನೂ ಬಿಡಿಸಿಲ್ಲ.

ಗದಗ: ನಿಮ್ಮದು 6 ದಿನಕ್ಕೆ ಮುಗೀತು ರೀ. ನನ್ನದು ಸಿಜೇರಿಯನ್. 9ನೇ ದಿನ ಹೊಲಿಗೆಯಲ್ಲಿ ಕೀವು. 23 ಸಲ ಡ್ರೆಸಿಂಗ್, ಒಂದಕ್ಕೆ 350, ಆಟೋ 120. ಹೊಟ್ಟೆ ಕೊಯ್ಯುವ ಮೊದಲೇ ಒಂದು ಡೋಸ್ ಆಂಟಿಬಯೋಟಿಕ್ ಕೊಡಬೇಕಂತೆ. ನನಗೆ ಕೊಟ್ಟರೋ ಇಲ್ಲವೋ, ಡಿಸ್ಚಾರ್ಜ್ ಚೀಟಿಯಲ್ಲಿ ಒಂದಕ್ಷರ ಇಲ್ಲ.

ಇಬ್ಬರ ತಾಯಿ: "ಮುಗೀತು" ಅಂದ್ರೆ ಏನ್ರೀ? ಹೆತ್ತ ಮಗುವನ್ನ ಗಾಜಿನ ಆಚೆ ನಿಂತು ನೋಡಿದ್ದೀರಾ?

ಬೆಳಗಾವಿ: ನಮ್ಮೂರಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿತ್ತು, 7 ದೇಶ ಸೇರಿ. ನಾನೂ ಸೇರಿದ್ದೆ. ಹೆರಿಗೆ ನೋವಿನಲ್ಲಿ 2 ಗ್ರಾಂ ಅಜಿತ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್, ಇಲ್ಲವೇ ಮದ್ದಿಲ್ಲದ ಗುಳಿಗೆ. ನನಗೆ ಯಾವುದು ಸಿಕ್ಕಿತೋ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. 2023ರಲ್ಲಿ ಫಲಿತಾಂಶ ಬಂತು. ತಾಯಂದಿರಲ್ಲಿ ತೀವ್ರ ನಂಜು ಅಥವಾ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ. ಮಗುವಿಗೆ ಲಾಭ ಕಾಣಲಿಲ್ಲ. ನನಗೆ ಜ್ವರ ಬರಲಿಲ್ಲ, ಸೇರಿದ್ದಕ್ಕೆ ಹೆಮ್ಮೆ ಇದೆ.

ಗದಗ: ಹಾಗಾದರೆ ಎಲ್ಲರೂ ಆ ಗುಳಿಗೆ ಮೊದಲೇ ತಂದಿಟ್ಟುಕೊಂಡರೆ ಆಯ್ತಲ್ವಾ?

ನಿವೃತ್ತ ನರ್ಸ್: ದಯವಿಟ್ಟು ಹಾಗೆ ಹೇಳಬೇಡಿ! ಅದು ಡಾಕ್ಟರ್ ಕೊಡಬೇಕಾದದ್ದು. 31 ವರ್ಷ ಹೆರಿಗೆ ಕೋಣೆಯಲ್ಲಿ ದುಡಿದೆ. ಸೋಪು ಹಾಕಿ ಕೈ ತೊಳೆಯದೆ ಯಾರನ್ನೂ ಮುಟ್ಟಲಿಲ್ಲ. ಎಲ್ಲ ಸರಿಯಿದ್ದರೆ 4 ಗಂಟೆಗೊಮ್ಮೆ ಒಳಪರೀಕ್ಷೆ ಸಾಕು. ಬಂದವರೆಲ್ಲ ಕೈ ಹಾಕಿ ನೋಡುವುದು ಬೇಡ, ನೀರು ಹೋದ ಮೇಲಂತೂ ಬೇಡವೇ ಬೇಡ.

ಇಬ್ಬರ ತಾಯಿ: ನನಗೆ 7 ಜನ ಮಾಡಿದರು ಮೇಡಂ. ಬೇಡ ಅಂದರೆ ಗದರಿದರು. ಈಗ ಎಲ್ಲರೂ ಅತ್ತೆಯನ್ನೇ ದೂರುತ್ತಾರೆ.

ಗದಗ: ಅತ್ತೆಯ ತಪ್ಪೂ ಇದೆ ಬಿಡಿ. ನಮ್ಮತ್ತೆ ಮಗುವಿನ ಹೊಕ್ಕುಳಿಗೆ ಎಣ್ಣೆ, ಅರಿಶಿನ ಹಚ್ಚಲು ಬಂದಾಗ ನಾನು ಕೈ ಹಿಡಿದೆ. ಮೂರು ತಿಂಗಳು ಮಾತು ಬಿಟ್ಟರು.

ನಿವೃತ್ತ ನರ್ಸ್: ಒಳ್ಳೇದು ಮಾಡಿದೆ ಮಗಳೇ. ಹೊಕ್ಕುಳು ಒಣಗಿದ್ದರೆ ಸಾಕು, ಏನೂ ಹಚ್ಚಬಾರದು.

ಇಬ್ಬರ ತಾಯಿ: ನಮ್ಮತ್ತೆ ಹಾಗಲ್ಲ. ಆ 6 ದಿನವೂ ನನ್ನ ಜೊತೆ ಎನ್‌ಐಸಿಯು ಬಾಗಿಲಲ್ಲೇ ಕೂತಿದ್ದರು.