ಪತ್ರಿಕೆಯ ಶ್ಯಾಡೋ, ರೇಡಿಯೊದ ಶ್ಯಾಡೋ: ಎಲ್ಲಿಂದ ಆರಂಭಿಸಬೇಕು?

ಕೋರಿಕೆ (ಶಿವಮೊಗ್ಗದಿಂದ)

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿದ, ಆಕಾಶವಾಣಿಯ ನಾಟಕಗಳನ್ನು ತಪ್ಪದೆ ಕೇಳಿದ ತಲೆಮಾರಿಗೆ ಸೇರಿದವನು ನಾನು. ಇತ್ತೀಚೆಗೆ ಅಮೆರಿಕದ ಹಳೆಯ ರೇಡಿಯೊ ನಾಟಕ ‘ದಿ ಶ್ಯಾಡೋ’ದ ಕೆಲವು ಕಂತುಗಳನ್ನು ಕೇಳಿ, ಅದೇ ಉತ್ಸಾಹದಲ್ಲಿ 1930ರ ದಶಕದ ಪಲ್ಪ್ ಪತ್ರಿಕೆಯಲ್ಲಿ (ಅಗ್ಗದ ಕಾಗದದ ಜನಪ್ರಿಯ ಕಥಾಪತ್ರಿಕೆಯಲ್ಲಿ) ಬಂದಿದ್ದ ಶ್ಯಾಡೋ ಕಾದಂಬರಿಯೊಂದರ ಮರುಮುದ್ರಣವನ್ನು ತರಿಸಿಕೊಂಡೆ. ರೇಡಿಯೊದಲ್ಲಿ ಲಾಮಾಂಟ್ ಕ್ರಾನ್‌ಸ್ಟನ್ ಎಂಬ ಸಿರಿವಂತ ತನ್ನ ಎದುರಿಗಿರುವವರ ಮನಸ್ಸಿಗೆ ಮಂಕು ಕವಿಸಿ ಅದೃಶ್ಯನಾಗುತ್ತಾನೆ; ಅವನ ಗುಟ್ಟು ಬಲ್ಲ ಗೆಳತಿ ಮಾರ್ಗೋ ಲೇನ್ ಸದಾ ಜೊತೆಗಿರುತ್ತಾಳೆ. ಪುಸ್ತಕದಲ್ಲಿ ಆ ಶಕ್ತಿಯೂ ಇಲ್ಲ, ಆ ಗೆಳತಿಯೂ ಇಲ್ಲ. ಕಪ್ಪು ನಿಲುವಂಗಿ ತೊಟ್ಟು ಎರಡು ಪಿಸ್ತೂಲು ಹಿಡಿದ ಬೇರೆಯೇ ಒಬ್ಬ ಮನುಷ್ಯನಿದ್ದಾನೆ. ಇವೆರಡರಲ್ಲಿ ಯಾವುದನ್ನು ಮೊದಲು ಹಿಡಿಯಬೇಕು, ಇದೇ ಬಗೆಯ ಇತರ ನಾಯಕರಲ್ಲಿ ಯಾರನ್ನು ಓದಬೇಕು, ಯಾರನ್ನು ಕೇಳಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು. ಧ್ವನಿಮುದ್ರಣಗಳಲ್ಲಿ ಕೆಲವಂತೂ ಗೊರಗೊರ ಶಬ್ದದಿಂದ ತುಂಬಿವೆ; ಅದಕ್ಕೇನಾದರೂ ಉಪಾಯವಿದ್ದರೆ ಅದನ್ನೂ ಹೇಳಿ.

ಉತ್ತರ (ಮೈಸೂರಿನಿಂದ)

ತಮ್ಮ ಗೊಂದಲಕ್ಕೆ ಕಾರಣ ಈ ನಾಯಕ ಹುಟ್ಟಿದ ರೀತಿಯಲ್ಲೇ ಇದೆ. ಪತ್ರಿಕೆಯ ನಾಯಕನನ್ನು ರೇಡಿಯೊ ಎರವಲು ಪಡೆದಿರಬೇಕು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಶ್ಯಾಡೋ ವಿಷಯದಲ್ಲಿ ನಡೆದದ್ದು ತಿರುವುಮುರುವು. ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆ ಸ್ಟ್ರೀಟ್ ಅಂಡ್ ಸ್ಮಿತ್ ತನ್ನ ಪತ್ತೇದಾರಿ ಪತ್ರಿಕೆಯ ಮಾರಾಟವನ್ನು ಹೆಚ್ಚಿಸಿಕೊಳ್ಳಲೆಂದು 1930ರ ಜುಲೈ 31ರಂದು ಸಿಬಿಎಸ್ ಜಾಲದಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಅದರಲ್ಲಿ ಕಥೆಯನ್ನು ಪ್ರಸ್ತುತಪಡಿಸುವ ನಿರೂಪಕನಿಗೆ ‘ಶ್ಯಾಡೋ’ ಎಂಬ ಹೆಸರಿಟ್ಟಿದ್ದರು, ಅಷ್ಟೇ. ಕೇಳುಗರು ಕಥೆಯನ್ನು ಮರೆತು ಆ ದನಿಗೆ ಮರುಳಾದರು. ಪತ್ರಿಕೆಯಂಗಡಿಗೆ ಹೋಗಿ ‘ಆ ಶ್ಯಾಡೋ ಪತ್ರಿಕೆ ಕೊಡಿ’ ಎಂದು, ಇನ್ನೂ ಹುಟ್ಟದ ಪತ್ರಿಕೆಯನ್ನು ಕೇಳತೊಡಗಿದರು. ಗಿರಾಕಿ ಇದ್ದಾನೆಂದ ಮೇಲೆ ಸರಕು ತಯಾರಿಸುವುದಕ್ಕೆ ಪ್ರಕಾಶಕರು ತಡಮಾಡುವರೇ? 1931ರ ಏಪ್ರಿಲ್ ಸಂಚಿಕೆಯೊಂದಿಗೆ ‘ದಿ ಶ್ಯಾಡೋ’ ಪತ್ರಿಕೆ ಬಂದೇ ಬಂದಿತು. ಅದಕ್ಕೆ ಬರೆದವರು ವಾಲ್ಟರ್ ಬಿ. ಗಿಬ್ಸನ್, ಮುಖಪುಟದಲ್ಲಿ ಇರುತ್ತಿದ್ದುದು ಸಂಸ್ಥೆ ಕೊಟ್ಟ ಮ್ಯಾಕ್ಸ್‌ವೆಲ್ ಗ್ರಾಂಟ್ ಎಂಬ ಹೆಸರು. ಒಟ್ಟು 325 ಕಾದಂಬರಿಗಳಲ್ಲಿ 282ನ್ನು ಅವರೊಬ್ಬರೇ ಬರೆದರು. ಪತ್ರಿಕೆ ಪಾಕ್ಷಿಕವಾಗಿದ್ದ ವರ್ಷಗಳಲ್ಲಿ ತಿಂಗಳಿಗೆ ಎರಡು ಕಾದಂಬರಿ ಬೇಕಾಗುತ್ತಿತ್ತು ಎಂಬುದನ್ನು ನೆನೆದರೆ ಅವರ ಗದ್ಯದ ಓಟಕ್ಕೂ ಅಲ್ಲಲ್ಲಿ ಕಾಣುವ ಸಡಿಲಕ್ಕೂ ಕಾರಣ ತಿಳಿಯುತ್ತದೆ.

ತಾವು ಕೇಳಿದ ನಾಟಕ ಇದಾದ ಮೇಲಿನದು. 1937ರ ಸೆಪ್ಟೆಂಬರ್ 26ರಂದು ಮ್ಯೂಚುಯಲ್ ಜಾಲದಲ್ಲಿ ಅದು ಹೊಸ ರೂಪದಲ್ಲಿ ಆರಂಭವಾದಾಗ ನಾಯಕನ ಪಾತ್ರ ವಹಿಸಿದ ಆರ್ಸನ್ ವೆಲ್ಸ್‌ಗೆ 22 ವರ್ಷ. ಮಾರ್ಗೋ ಪಾತ್ರದಲ್ಲಿ ಆಗ್ನೆಸ್ ಮೂರ್‌ಹೆಡ್ ಇದ್ದರು. ಮಾರ್ಗೋ ರೇಡಿಯೊಗಾಗಿಯೇ ಹುಟ್ಟಿದವಳು. ಕಾದಂಬರಿಗಳಿಗೆ ಅವಳ ಪ್ರವೇಶವಾದದ್ದು 1941ರಲ್ಲಿ. ತಾವು ತರಿಸಿಕೊಂಡದ್ದು ಅದಕ್ಕೂ ಹಿಂದಿನ ಕಾದಂಬರಿಯಾದ್ದರಿಂದ ಅವಳು ಕಾಣದಿರುವುದು ಸಹಜ.

ನನ್ನ ಅಭಿಪ್ರಾಯದಲ್ಲಿ ಕಾದಂಬರಿಯನ್ನೇ ಮೊದಲು ಓದಬೇಕು. ಗಿಬ್ಸನ್ ವೃತ್ತಿಯಿಂದಲೂ ಒಲವಿನಿಂದಲೂ ಜಾದೂ ಬಲ್ಲವರು. ಹೂಡಿನಿ, ಥರ್ಸ್‌ಟನ್ ಮೊದಲಾದ ಜಾದೂಗಾರರ ಹೆಸರಿನಲ್ಲಿ ಬರೆದುಕೊಟ್ಟವರು. ನೋಡುವವನ ಕಣ್ಣನ್ನು ಒಂದು ಕಡೆಗೆ ಸೆಳೆದು ಕೈಚಳಕವನ್ನು ಇನ್ನೊಂದು ಕಡೆ ನಡೆಸುವ ವಿದ್ಯೆ ಅವರ ಪುಟಪುಟದಲ್ಲೂ ಇದೆ. ಕಪ್ಪು ಗೋಡೆಗೆ ತೆಳುವಾಗಿ ನೀಲಿ ಬೆಳಕು ಬಿದ್ದ ಒಂದು ಕೋಣೆ, ಆ ಬೆಳಕಿನೊಳಗೆ ಬರುವ ಎರಡು ನೀಳ ಕೈಗಳು, ಬೆರಳಿನಲ್ಲಿ ಬಣ್ಣ ಬದಲಿಸುವ ಗಿರಸೋಲ್ ಹರಳಿನ ಉಂಗುರ, ಓದಿ ಮುಗಿಸುವಷ್ಟರಲ್ಲಿ ಅಳಿಸಿಹೋಗುವ ಶಾಯಿಯ ಪತ್ರ. ಆ ಕೈಗಳ ಒಡೆಯನ ಮುಖವನ್ನು ಗಿಬ್ಸನ್ ನಮಗೆ ತೋರಿಸುವುದೇ ಇಲ್ಲ. ಪುಸ್ತಕದಲ್ಲಿ ಅದೃಶ್ಯತೆ ಎಂದರೆ ಇಷ್ಟೇ, ಮತ್ತು ಇಷ್ಟು ಸಾಕು.

ಉತ್ತರ (ಧಾರವಾಡದಿಂದ)

ಮೈಸೂರಿನವರು ಕೊಟ್ಟ ವಿವರಗಳೆಲ್ಲ ಸರಿ, ಆದರೆ ಅವರ ಸಲಹೆಯನ್ನು ನಾನು ಒಪ್ಪಲಾರೆ. ಹವ್ಯಾಸಕ್ಕಾಗಿ ಬಾನುಲಿ ನಾಟಕಗಳನ್ನು ಬರೆದ ಅನುಭವದಿಂದ ಹೇಳುವುದಾದರೆ, ರೇಡಿಯೊದ ಶ್ಯಾಡೋನನ್ನು ಕಾದಂಬರಿಯ ಪಕ್ಕದಲ್ಲಿಟ್ಟು ಅಳೆಯುವುದೇ ತಪ್ಪು. ಹೆಸರೊಂದನ್ನು ಬಿಟ್ಟರೆ ಇವು ಎರಡು ಪ್ರತ್ಯೇಕ ಕೃತಿಗಳು, ಮತ್ತು ರೇಡಿಯೊದವರು ಮಾಡಿದ ಒಂದೊಂದು ಬದಲಾವಣೆಗೂ ಕಿವಿಯಲ್ಲಿ ಒಂದೊಂದು ಕಾರಣವಿದೆ.

ಕಾದಂಬರಿಯಲ್ಲಿ ಶ್ಯಾಡೋಗೆ ಸಹಾಯಕರ ಒಂದು ದೊಡ್ಡ ಪಡೆಯೇ ಇದೆ. ಹ್ಯಾರಿ ವಿನ್ಸೆಂಟ್, ವರದಿಗಾರ ಕ್ಲೈಡ್ ಬರ್ಕ್, ಟ್ಯಾಕ್ಸಿ ಓಡಿಸುವ ಮೋ, ಎಲ್ಲರ ಸುದ್ದಿಯನ್ನೂ ಫೋನಿನಲ್ಲಿ ಕಲೆಹಾಕುವ ಬರ್ಬ್ಯಾಂಕ್ ಹೀಗೆ. ಅದೂ ಸಾಲದೆಂಬಂತೆ, ಕ್ರಾನ್‌ಸ್ಟನ್ ಎಂಬುದೇ ಅವನು ಎರವಲು ಪಡೆದ ವೇಷ, ಅವನ ನಿಜವಾದ ಹೆಸರು ಕೆಂಟ್ ಅಲಾರ್ಡ್, ವೃತ್ತಿಯಲ್ಲಿ ವಿಮಾನಚಾಲಕ ಎಂಬ ಗುಟ್ಟು 1937ರ ಒಂದು ಕಾದಂಬರಿಯಲ್ಲಿ ಹೊರಬೀಳುತ್ತದೆ. ಅರ್ಧ ಗಂಟೆಯ ನಾಟಕದಲ್ಲಿ, ಅದರಲ್ಲೂ ಜಾಹೀರಾತಿಗೆ ಹೋಗಿ ಉಳಿದ ಸಮಯದಲ್ಲಿ, ಐದಾರು ಗಂಡುದನಿಗಳ ನಡುವೆ ಯಾರು ಯಾರೆಂದು ಗುರುತಿಸುವುದು ಕೇಳುಗನಿಗೆ ಅಸಾಧ್ಯ. ಆದ್ದರಿಂದ ಪಡೆಯನ್ನೇ ಕೈಬಿಟ್ಟು ಒಬ್ಬ ಹೆಣ್ಣಿನ ದನಿಯನ್ನು ತಂದರು. ನಾಯಕ ತನ್ನ ಯೋಚನೆಯನ್ನು ಯಾರಿಗಾದರೂ ಬಾಯಿಬಿಟ್ಟು ಹೇಳದ ಹೊರತು ಕೇಳುಗನಿಗೆ ಅದು ತಲುಪುವುದಿಲ್ಲ. ಮಾರ್ಗೋ ಇರುವುದು ಆ ಕೆಲಸಕ್ಕೆ.

ಅದೃಶ್ಯತೆಯ ಮಾತು ಇನ್ನೂ ಸ್ವಾರಸ್ಯದ್ದು. ರೇಡಿಯೊದಲ್ಲಿ ಎಲ್ಲ ಪಾತ್ರಗಳೂ ಅದೃಶ್ಯವೇ. ಹಾಗಿರುವಾಗ ಒಬ್ಬನು ಮಾತ್ರ ಕಾಣುತ್ತಿಲ್ಲ ಎಂದು ನಂಬಿಸುವುದು ಹೇಗೆ? ಶ್ಯಾಡೋನ ದನಿಯನ್ನು ಫಿಲ್ಟರಿನ ಮೂಲಕ ಹಾಯಿಸಿ ಟೆಲಿಫೋನಿನಲ್ಲಿ ಕೇಳುವಂತೆ ತೆಳುವಾಗಿಸಿದರು. ಉಳಿದವರ ದನಿ ತುಂಬಿಕೊಂಡೇ ಇರುತ್ತದೆ. ಕೊಲೆಗಾರ ಒಬ್ಬನೇ ಇದ್ದೇನೆಂದುಕೊಂಡು ಹಣ ಎಣಿಸುತ್ತಿರುತ್ತಾನೆ, ಎಲ್ಲಿಂದಲೋ ನಗೆ ಕೇಳುತ್ತದೆ, ಕುರ್ಚಿ ಬೀಳುತ್ತದೆ, ಅವನು ‘ಯಾರಲ್ಲಿ?’ ಎನ್ನುತ್ತಾನೆ, ಗುಂಡು ಹಾರುತ್ತದೆ, ಮತ್ತೆ ಅದೇ ನಗೆ ಈಗ ಇನ್ನೂ ಹತ್ತಿರದಿಂದ ಎಂಬಂತೆ ಕೇಳುತ್ತದೆ. ಕಪ್ಪು ನಿಲುವಂಗಿಯನ್ನು ಎಷ್ಟು ವರ್ಣಿಸಿದರೂ ಬಾನುಲಿಯಲ್ಲಿ ಈ ಪರಿಣಾಮ ಬರುತ್ತಿರಲಿಲ್ಲ. ಸಾಂ-ಸಾನ್ಸ್ ಅವರ ‘ಓಂಫಾಲಳ ರಾಟೆ’ ಕೃತಿಯ ಒಂದು ತುಣುಕನ್ನು ಆರ್ಗನ್ನಿನಲ್ಲಿ ನುಡಿಸಿ ಕಂತು ಆರಂಭಿಸುತ್ತಿದ್ದರು. ಕತ್ತಲಲ್ಲಿ ಒಮ್ಮೆ ಕೇಳಿದರೆ ಅದು ಮನಸ್ಸಿನಿಂದ ಹೋಗುವುದಿಲ್ಲ.

ಆದ್ದರಿಂದ ತಾವು ಮೊದಲು ವೆಲ್ಸ್ ಅವಧಿಯ ಕಂತುಗಳನ್ನು ಕೇಳಿ. ಮೊದಲ ಕಂತಾದ ‘ದಿ ಡೆತ್ ಹೌಸ್ ರೆಸ್ಕ್ಯೂ’ದಲ್ಲಿ ವಿದ್ಯುತ್ ಕುರ್ಚಿಯ ಶಿಕ್ಷೆಗೆ ಗುರಿಯಾದ ನಿರಪರಾಧಿಯೊಬ್ಬನನ್ನು ಗಡುವು ಮುಗಿಯುವುದರೊಳಗೆ ಪಾರುಮಾಡಬೇಕು, ಕಾಲದ ಒತ್ತಡವನ್ನು ಶಬ್ದದಲ್ಲಿ ಹೇಗೆ ಕಟ್ಟಬೇಕೆಂಬುದಕ್ಕೆ ಅದು ಒಳ್ಳೆಯ ಮಾದರಿ. ವೆಲ್ಸ್ 1938ರಲ್ಲೇ ಬಿಟ್ಟುಹೋದರು. ನಂತರ ಬಂದ ಬಿಲ್ ಜಾನ್‌ಸ್ಟೋನ್ 1943ರವರೆಗೆ ಪಾತ್ರ ವಹಿಸಿದರು. ಹೆಸರು ದೊಡ್ಡದು ವೆಲ್ಸ್ ಅವರದ್ದಾದರೂ, ಪಾತ್ರಕ್ಕೆ ಹೆಚ್ಚು ಒಪ್ಪುವ ದನಿ ಜಾನ್‌ಸ್ಟೋನ್ ಅವರದ್ದೆಂದು ನನಗೆ ತೋರುತ್ತದೆ. ಹೆಚ್ಚು ಕಾಲ ಆಡಿದವರು ಬ್ರೆಟ್ ಮಾರಿಸನ್. 1954ರ ಡಿಸೆಂಬರ್‌ನಲ್ಲಿ ಸರಣಿ ನಿಲ್ಲುವ ಹೊತ್ತಿಗೆ ಕಥೆಗಳು ಸಪ್ಪೆಯಾಗಿದ್ದವು.

ಉತ್ತರ (ನ್ಯೂಜೆರ್ಸಿಯಲ್ಲಿರುವ ಕನ್ನಡಿಗರಿಂದ)

ಧ್ವನಿಮುದ್ರಣದ ಬಗ್ಗೆ ಕೇಳಿದ್ದೀರಿ. ಪ್ರಸಾರವೆಲ್ಲ ಹೆಚ್ಚಾಗಿ ನೇರವಾಗಿ ನಡೆಯುತ್ತಿತ್ತು. ಉಳಿದುಕೊಂಡವು 16 ಅಂಗುಲದ ದೊಡ್ಡ ತಟ್ಟೆಗಳಲ್ಲಿ ದಾಖಲಾದವು. ಒಂದು ಬದಿಗೆ ಸುಮಾರು 15 ನಿಮಿಷ ಹಿಡಿಸುತ್ತಿದ್ದುದರಿಂದ ಅರ್ಧ ಗಂಟೆಯ ಕಂತಿನ ನಡುವೆ ಶಬ್ದದ ಗುಣ ದಿಢೀರನೆ ಬದಲಾದರೆ ಬೆರಗಾಗಬೇಡಿ. ಶ್ಯಾಡೋ ಸರಣಿಯ ಅರ್ಧಕ್ಕಿಂತ ಹೆಚ್ಚು ಕಂತುಗಳು ಉಳಿದೇ ಇಲ್ಲ. ಗೊರಗೊರ ಶಬ್ದದಲ್ಲಿ ಒಂದು ಪಾಲು ತಟ್ಟೆಯದು. ಇನ್ನೊಂದು ಪಾಲು ಟೇಪಿನಿಂದ ಟೇಪಿಗೆ ಇಳಿಸಿ, ಕೊನೆಗೆ ಅತಿ ಕಡಿಮೆ ಬಿಟ್‌ರೇಟಿನ ಎಂಪಿ3 ಮಾಡಿದವರದು. ಅದೇ ಕಂತಿನ ಬೇರೆ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದರೆ ಅನೇಕ ಸಲ ಚೆನ್ನಾಗಿರುವುದು ಸಿಗುತ್ತದೆ. ಹೆಡ್‌ಫೋನಿಗಿಂತ ಸಣ್ಣ ಸ್ಪೀಕರಿನಲ್ಲಿ ಕೇಳಿ. ಮೇಲುಸ್ತರದ ಸುಸ್ಸೆನ್ನುವ ಶಬ್ದ ತಾನಾಗಿ ತಗ್ಗುತ್ತದೆ.

ನಾನು ದುಡ್ಡು ಕೊಟ್ಟು ತರಿಸಿದ ಒಂದು ಸಂಗ್ರಹದಲ್ಲಿ ದಿನಾಂಕಗಳು ಅದಲುಬದಲಾಗಿದ್ದವು, ವೆಲ್ಸ್ ಹೆಸರಿದ್ದ ಕಂತಿನಲ್ಲಿ ಬೇರೆಯವರ ದನಿ ಇತ್ತು. ಅಮೆರಿಕದ ಕಥೆಗಳನ್ನೇ ಇಟ್ಟುಕೊಂಡು ಆಸ್ಟ್ರೇಲಿಯಾದ ನಟರು ಆಡಿದ ಕಂತುಗಳೂ ಗುಂಪಿನಲ್ಲಿ ಸೇರಿಕೊಂಡಿರುತ್ತವೆ. ಉಚ್ಚಾರಣೆಯಿಂದ ಬೇಗನೆ ಗೊತ್ತಾಗುತ್ತದೆ.

ಜಾಹೀರಾತುಗಳನ್ನು ಕತ್ತರಿಸಿದ ಪ್ರತಿ ಬೇಡ. ಚಳಿಗಾಲದ ಕಂತುಗಳ ಪ್ರಾಯೋಜಕರು ‘ಬ್ಲೂ ಕೋಲ್’, ಅಂದರೆ ಗುರುತಿಗಾಗಿ ನೀಲಿ ಬಣ್ಣ ಬಳಿದ ಪೆನ್ಸಿಲ್ವೇನಿಯಾದ ಕಲ್ಲಿದ್ದಲು. ಕೊಲೆ, ಭೂತ, ಬಾಂಬುಗಳ ನಡುವೆ ಜಾನ್ ಬಾರ್ಕ್ಲೇ ಎಂಬ ಹೆಸರಿನ ತಜ್ಞರು ಬಂದು ಮನೆಯ ಒಲೆಯ ಬೂದಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಗಂಭೀರವಾಗಿ ಉಪದೇಶಿಸುತ್ತಾರೆ. ಕಲ್ಲಿದ್ದಲು ಬೇಕಿಲ್ಲದ ಬೇಸಿಗೆಯಲ್ಲಿ, 1938ರಲ್ಲಿ, ಗುಡ್‌ರಿಚ್ ಟೈರಿನವರು ಆ ಸ್ಥಾನಕ್ಕೆ ಬಂದರು. ಆ ಕಾಲದ ಅಮೆರಿಕದ ಮನೆ ಹೇಗಿತ್ತೆಂದು ತಿಳಿಯಲು ನಾಟಕಕ್ಕಿಂತ ಈ ಜಾಹೀರಾತುಗಳೇ ಹೆಚ್ಚು ನೆರವಾಗುತ್ತವೆ.

ಮೂಲ ಪತ್ರಿಕೆಗಳನ್ನು ಕೊಳ್ಳುವ ಆಸೆ ಬೇಡವೆಂದೇ ಹೇಳುತ್ತೇನೆ. ಅಗ್ಗದ ಮರದ ತಿರುಳಿನ ಕಾಗದ ಆಮ್ಲದಿಂದ ಕಂದಾಗಿ, ಪುಟ ತಿರುವಿದರೆ ಅಂಚು ಹಪ್ಪಳದಂತೆ ಮುರಿದು ಬೀಳುತ್ತದೆ. ಸ್ಯಾಂಕ್ಟಮ್ ಬುಕ್ಸ್ ಸಂಸ್ಥೆ ಒಂದೊಂದು ಸಂಪುಟಕ್ಕೆ ಎರಡೆರಡು ಕಾದಂಬರಿಗಳನ್ನು ಹಳೆಯ ಚಿತ್ರಗಳ ಸಮೇತ ಮರುಮುದ್ರಿಸಿದೆ. ಹಳೆಯ ಪುಸ್ತಕ ಮಾರುವವರಲ್ಲಿ ವಿಚಾರಿಸಿ. 1936ರ ‘ಪಾರ್ಟ್‌ನರ್ಸ್ ಆಫ್ ಪೆರಿಲ್’ ಸಿಕ್ಕರೆ ಬಿಡಬೇಡಿ. ಅದು ಗಿಬ್ಸನ್ ಅವರದಲ್ಲ, ಥಿಯೊಡೋರ್ ಟಿನ್ಸ್‌ಲಿ ಅವರದು. 1939ರಲ್ಲಿ ಬ್ಯಾಟ್‌ಮನ್‌ನ ಮೊಟ್ಟಮೊದಲ ಕಥೆಯನ್ನು ಹೆಣೆದದ್ದು ಈ ಕಾದಂಬರಿಯ ಎಳೆಯಿಂದಲೇ.

ಉತ್ತರ (ಬೆಂಗಳೂರಿನಿಂದ)

ಡಾಕ್ ಸ್ಯಾವೇಜ್ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ! ಅದು ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆಯೇ 1933ರ ಮಾರ್ಚ್‌ನಲ್ಲಿ ಆರಂಭಿಸಿದ ಪತ್ರಿಕೆ, ಅದರ ನಾಯಕನ ಹೆಸರೂ ಅದೇ. ಹೆಚ್ಚಿನ ಕಾದಂಬರಿಗಳನ್ನು ಬರೆದವರು ಲೆಸ್ಟರ್ ಡೆಂಟ್, ಮುಖಪುಟದ ಹೆಸರು ಕೆನೆತ್ ರೋಬ್ಸನ್. ನ್ಯೂಯಾರ್ಕಿನ ಗಗನಚುಂಬಿಯ 86ನೇ ಮಹಡಿ, ಉತ್ತರ ಧ್ರುವದ ಬಳಿಯ ಏಕಾಂತ ಕೋಟೆ, ಸದಾ ಜಗಳವಾಡುವ ಮಂಕ್ ಮತ್ತು ಹ್ಯಾಮ್ ಸೇರಿ ಐವರು ಸಂಗಾತಿಗಳು, ಎಲ್ಲವೂ ಓದಲು ಖುಷಿ. ಹಿಡಿದ ಅಪರಾಧಿಗಳ ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡಿ ಸಜ್ಜನರನ್ನಾಗಿಸುವ ಅವನ ಪದ್ಧತಿಯನ್ನು ಮಾತ್ರ ಇಂದು ಓದುವಾಗ ಮೈ ಜುಮ್ಮೆನ್ನುತ್ತದೆ, ಲೇಖಕರಿಗೆ ಅದು ಪರೋಪಕಾರವಾಗಿ ಕಂಡಿತ್ತು. ಡೆಂಟ್ ಸ್ವತಃ ಬರೆದ 1934ರ ಕಾಲುಗಂಟೆಯ ರೇಡಿಯೊ ಸರಣಿಯ ಧ್ವನಿಮುದ್ರಣ ಉಳಿದಿಲ್ಲ. ಆದ್ದರಿಂದ ಕೇಳಲು ಉಳಿದಿರುವುದು 1985ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊಗೆ ‘ಫಿಯರ್ ಕೇ’ ಮತ್ತು ‘ದಿ ಥೌಸಂಡ್-ಹೆಡೆಡ್ ಮ್ಯಾನ್’ ಕಾದಂಬರಿಗಳನ್ನು 13 ಕಂತುಗಳಲ್ಲಿ ಅಳವಡಿಸಿದ ಸರಣಿ. ಮೂಲಕ್ಕೆ ನಿಷ್ಠೆಯಿಂದಿದೆ, ಧಾರವಾಡದವರ ಮಾತನ್ನು ಒಪ್ಪುವುದಾದರೆ ಆ ನಿಷ್ಠೆಯೇ ಅದಕ್ಕೆ ಭಾರವಾಗಿದೆ, ಏಕೆಂದರೆ ಆರು ಗಂಡುದನಿಗಳು ಒಟ್ಟಿಗೆ ಮಾತನಾಡುತ್ತವೆ.

ಉತ್ತರ (ಮಂಗಳೂರಿನಿಂದ)

ಮುಖವಾಡದ ನಾಯಕರು ಬೇಗನೆ ಬೇಸರ ತರಿಸಿದರೆ ಸ್ಯಾಮ್ ಸ್ಪೇಡ್ ಎಂಬ ಖಾಸಗಿ ಪತ್ತೇದಾರನ ಕಡೆಗೆ ಬನ್ನಿ. ಅವನ ಕಥೆಯಾದ, ಡ್ಯಾಶಿಯಲ್ ಹ್ಯಾಮೆಟ್ ಅವರ ‘ದಿ ಮಾಲ್ಟೀಸ್ ಫಾಲ್ಕನ್’ ಕಾದಂಬರಿ ಕೂಡ 1929–30ರಲ್ಲಿ ‘ಬ್ಲ್ಯಾಕ್ ಮಾಸ್ಕ್’ ಎಂಬ ಪಲ್ಪ್ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂದದ್ದು. 1946ರಲ್ಲಿ ಶುರುವಾದ ರೇಡಿಯೊ ಸರಣಿಯಲ್ಲಿ ಹೊವಾರ್ಡ್ ಡಫ್ ಅವರ ಸ್ಪೇಡ್, ಪ್ರತಿ ಪ್ರಕರಣವನ್ನೂ ತನ್ನ ಕಾರ್ಯದರ್ಶಿ ಎಫಿಗೆ ವರದಿಯಾಗಿ ಬರೆಸುತ್ತಾ ಹೋಗುತ್ತಾನೆ. ಕಾದಂಬರಿಯ ಕಹಿಯೆಲ್ಲ ಇಲ್ಲಿ ತಮಾಷೆಯಾಗಿದೆ. ಎಫಿಯಾಗಿ ಲೂರೀನ್ ಟಟಲ್ ಒಂದು ನಿಟ್ಟುಸಿರಿನಲ್ಲಿ ಹೇಳುವುದನ್ನು ಇನ್ನೊಬ್ಬರು ಒಂದು ಪುಟದಲ್ಲೂ ಹೇಳಲಾರರು.

ಭಾರತೀಯ ಕೇಳುಗರಿಗೆ ಇನ್ನೊಂದು ಎಚ್ಚರಿಕೆ. ಈ ಕಥೆಗಳಲ್ಲಿ ಪೂರ್ವದೇಶ ಎಂದರೆ ಮಾಟ, ವಿಷ, ಸಂಚು. ಕಾದಂಬರಿಗಳಲ್ಲಿ 1939ರಿಂದ ಬರುವ ಶಿವಾನ್ ಖಾನ್ ಎಂಬ ಖಳ ಇದಕ್ಕೆ ದೊಡ್ಡ ಉದಾಹರಣೆ. 1937ರ ‘ದಿ ಟೆಂಪಲ್ ಬೆಲ್ಸ್ ಆಫ್ ನೆಬಾನ್’ ಕಂತಿನಲ್ಲಂತೂ ಕ್ರಾನ್‌ಸ್ಟನ್‌ಗೆ ಅದೃಶ್ಯವಿದ್ಯೆ ಕಲಿಸಿದ್ದು ನಮ್ಮ ದೇಶದ ಒಬ್ಬ ಯೋಗಿ. ನಗಬೇಕೋ ಸಿಟ್ಟಾಗಬೇಕೋ ತಿಳಿಯದು, ನಾನಂತೂ ನಕ್ಕೆ. ಮಕ್ಕಳೊಂದಿಗೆ ಕೇಳುವುದಾದರೆ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು.

ಕೋರಿಕೆ ಸಲ್ಲಿಸಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಜಾನ್‌ಸ್ಟೋನ್ ಅವಧಿಯ ಕಂತುಗಳನ್ನು ಕೇಳುತ್ತಾ, 1941ಕ್ಕೂ ಹಿಂದಿನ ಗಿಬ್ಸನ್ ಕಾದಂಬರಿಗಳನ್ನು ಬೇರೆಯಾಗಿಯೇ ಓದುವುದೆಂದು ನಿರ್ಧರಿಸಿದ್ದೇನೆ. ‘ದಿ ಅವೆಂಜರ್’ ಎಂಬ ಹೆಸರಿನ ಪತ್ರಿಕೆಯೂ ರೇಡಿಯೊ ಸರಣಿಯೂ ಎರಡೂ ಇವೆಯಲ್ಲ, ಅವನ್ನು ಜೊತೆಗೂಡಿಸಿಕೊಂಡು ಹೋಗಬಹುದೇ?

ಉತ್ತರ (ಮೈಸೂರಿನಿಂದ)

ಬೇಡ. 1939ರಲ್ಲಿ ಆರಂಭವಾದ ಪತ್ರಿಕೆಯ ಅವೆಂಜರ್, ಪಾಲ್ ಅರ್ನ್‌ಸ್ಟ್ ಬರೆದವನು, ಮುಖದ ಮಾಂಸವನ್ನು ಬೇಕಾದಂತೆ ತಿದ್ದಿಕೊಂಡು ವೇಷ ಬದಲಿಸುವ ರಿಚರ್ಡ್ ಬೆನ್ಸನ್. ಈಗ ಕೇಳಲು ಸಿಗುವ 1945–46ರ ಸರಣಿಯ ಅವೆಂಜರ್ ಜಿಮ್ ಬ್ರ್ಯಾಂಡನ್ ಎಂಬ ವಿಜ್ಞಾನಿ; ಹೆಸರು ಮಾತ್ರ ಒಂದೇ, ಉಳಿದಂತೆ ಅವನು ಶ್ಯಾಡೋನ ಮಸುಕಾದ ನಕಲು. ಹಾಗೆಯೇ 1933ರ ‘ದಿ ಫ್ಯಾಂಟಮ್ ಡಿಟೆಕ್ಟಿವ್’ ಪತ್ರಿಕೆಯ ನಾಯಕನಿಗೂ, ಕಾಮಿಕ್ಸ್‌ಗಳಲ್ಲಿ ನಾವೆಲ್ಲ ಬಲ್ಲ ಕಾಡಿನ ಫ್ಯಾಂಟಮ್‌ಗೂ ಸಂಬಂಧವಿಲ್ಲ. ‘ದಿ ಗ್ರೀನ್ ಹಾರ್ನೆಟ್’ ಕೇಳಬಹುದು. ಅದು 1936ರಲ್ಲಿ ಡೆಟ್ರಾಯಿಟಿನ ಡಬ್ಲ್ಯುಎಕ್ಸ್‌ವೈಝಡ್ ನಿಲಯದಲ್ಲಿ ರೇಡಿಯೊಗೆಂದೇ ಹುಟ್ಟಿದ್ದರಿಂದ ಹೋಲಿಸಿ ನೋಡಲು ಹಿಂದೆ ಯಾವ ಕಾದಂಬರಿಯೂ ಇಲ್ಲ.