ಬೆಂದ ಇಡ್ಲಿಯಲ್ಲಿ ಜೀವ ಇರತ್ತಾ?

ಮೈಸೂರು ಚಿಕ್ಕಪ್ಪ: (ಫಾರ್ವರ್ಡ್) ಮೊಸರು ಬೇಕಿಲ್ಲ! ದಿನಾ ನಾಲ್ಕು ಇಡ್ಲಿ ತಿನ್ನಿ, ಹೊಟ್ಟೆಗೆ ಕೋಟಿಗಟ್ಟಲೆ ಜೀವಂತ ಪ್ರೋಬಯಾಟಿಕ್ (ಒಳ್ಳೇದು ಮಾಡೋ ಬ್ಯಾಕ್ಟೀರಿಯಾ). ಎಲ್ಲರಿಗೂ ಕಳಿಸಿ.

ಅತ್ತಿಗೆ: ನಿಜಾನಾ? ಪುಟ್ಟಂಗೆ ಹಾಲು ಅಲರ್ಜಿ, ಮೊಸರು ತಿಂದ್ರೂ ಮೈಯೆಲ್ಲ ದದ್ದು. ಇಡ್ಲಿ ಆದ್ರೆ ತಿಂತಾನೆ.

ನಾನು: ಇಡ್ಲಿ ಧಾರಾಳವಾಗಿ ಕೊಡಿ ಅತ್ತಿಗೆ. ಆದ್ರೆ ಚಿಕ್ಕಪ್ಪಾ, "ಜೀವಂತ" ಅನ್ನೋದು ತಪ್ಪು. ಹಿಟ್ಟು ಉಬ್ಬಿಸೋದು ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ. ಹಬೆಯಲ್ಲಿ ಬೇಯುವಾಗ ಅದು ಸಾಯತ್ತೆ.

ಚಿಕ್ಕಪ್ಪ: ಅಜ್ಜಿ ಕಾಲದಿಂದ ತಿಂದಿದೀವಿ, ಯಾರಿಗೂ ಹೊಟ್ಟೆ ಕೆಟ್ಟಿಲ್ಲ. ಅದಕ್ಕೂ ಲ್ಯಾಬಿನವರು ಬಂದು ಹೇಳಬೇಕಾ?

ನಾನು: ಇಡ್ಲಿ ಒಳ್ಳೇದು ಅನ್ನೋಕೆ ಬೇಡ. ಪ್ರೋಬಯಾಟಿಕ್ ಅನ್ನೋಕೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ (ಎಫ್‌ಎಒ) ಸೇರಿ 2001ರಲ್ಲೇ ಹೇಳಿವೆ: ಬದುಕಿರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು, ಆರೋಗ್ಯಕ್ಕೆ ಉಪಯೋಗ ಆಗಬೇಕು.

ಮಂಡ್ಯ ಅತ್ತೆ: ಹಂಗಾದ್ರೆ ತಂಗಳನ್ನ? ರಾತ್ರಿ ನೀರು ಹಾಕಿಟ್ಟು ಬೆಳಿಗ್ಗೆ ಹಂಗೇ ಉಣ್ಣೋದು, ಮತ್ತೆ ಬೇಯ್ಸಲ್ಲ ಕಣೋ.

ನಾನು: ಅದರಲ್ಲಿ ಬದುಕಿರ್ತವೆ ಅತ್ತೆ. ಆದ್ರೆ ಯಾವುದು, ಎಷ್ಟು ಅಂತ ಹೇಳೋಕಾಗಲ್ಲ, ಒಂದೊಂದು ಮನೇಲಿ ಒಂದೊಂದು ಥರ.

ಅತ್ತಿಗೆ: ಪ್ರೋಬಯಾಟಿಕ್ ಅಂತ ಬರೆದಿರೋ ಮಾವಿನ ಜ್ಯೂಸ್ ತಂದಿದೀನಲ್ಲ. ಅಂಗಡೀಲಿ ಫ್ರಿಜ್ಜಿನ ಹೊರಗೇ ಇಟ್ಟಿದ್ರು.

ನಾನು: ಲೇಬಲ್ಲಲ್ಲಿ ಬ್ಯಾಕ್ಟೀರಿಯಾದ ಪೂರ್ತಿ ಹೆಸರು, ಎಷ್ಟಿವೆ ಅನ್ನೋ ಸಂಖ್ಯೆ ಇದೆಯಾ ನೋಡಿ.

ಅತ್ತಿಗೆ: ಎರಡೂ ಇಲ್ಲ.

ನಾನು: ಹಂಗಾದ್ರೆ ನಂಬಬೇಡಿ. ಹಾಲಿನ ಪ್ರೋಟೀನು, ಕೊಬ್ಬು ಬ್ಯಾಕ್ಟೀರಿಯಾನ ಕಾಪಾಡ್ತವೆ. ಹಣ್ಣಿನ ರಸದಲ್ಲಿ ಆ ಆಸರೆ ಇಲ್ಲ, ಹುಳಿಗೆ ಬಾಟಲಿಯಲ್ಲೇ ಸಾಯ್ತಾ ಹೋಗ್ತವೆ. ಹಾಲಿಲ್ಲದೆ ಮಾಡೋದು ಕಷ್ಟ, ಆಗದ್ದಲ್ಲ. ಸ್ವೀಡನ್ನಿನವರು 1994ರಲ್ಲೇ ಓಟ್ಸ್ ಗಂಜೀಲಿ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ 299ವಿ ಅನ್ನೋ ಬ್ಯಾಕ್ಟೀರಿಯಾ ಬೆಳೆಸಿ, ಆ ಗಂಜೀನ ಹಣ್ಣಿನ ಪಾನೀಯಕ್ಕೆ ಬೆರೆಸಿ ಮಾರಿದ್ರು. ನಮ್ಮ ರಾಗಿ ಗಂಜೀಲೂ ಹಂಗೊಂದು ಬರಬೇಕು, ಪುಟ್ಟನಂಥ ಮಕ್ಕಳು ಎಷ್ಟೊಂದಿದಾರೆ.

ಚಿಕ್ಕಪ್ಪ: ಫ್ರಿಜ್ಜಿಲ್ಲದೆ ಬದುಕೋದು ಯಾವುದೂ ಇಲ್ವಾ?

ನಾನು: ಇದೆ. ಬ್ಯಾಸಿಲಸ್ ಕೋಆಗ್ಯುಲನ್ಸ್ ಅನ್ನೋ ಬ್ಯಾಕ್ಟೀರಿಯಾ. ಗಟ್ಟಿ ಕವಚ ಕಟ್ಕೊಂಡು ಮಲಗಿರತ್ತೆ, ಬಿಸಿನೂ ತಡ್ಕೊಳತ್ತೆ. ಆ ಜ್ಯೂಸಲ್ಲಿ ಅದೇ ಇದ್ರೆ ಹೆಸರು ಬರೀಬೇಕಿತ್ತು. ಅತ್ತಿಗೆ, ಇನ್ನೊಂದು: ಕೆಲವು ಪ್ರೋಬಯಾಟಿಕ್ ಪುಡಿಗಳಲ್ಲೂ ಹಾಲಿನ ಅಂಶ ಇರತ್ತೆ. ಡಾಕ್ಟರನ್ನ ಕೇಳದೆ ಪುಟ್ಟಂಗೆ ಕೊಡಬೇಡಿ.

ಅತ್ತಿಗೆ: ಅಯ್ಯೋ, ಇದು ಗೊತ್ತಿರಲಿಲ್ಲ. ಸೋಮವಾರವೇ ಕೇಳ್ತೀನಿ.

ಚಿಕ್ಕಪ್ಪ: ಸರಿ, "ಜೀವಂತ" ತೆಗೆದು ಮತ್ತೆ ಹಾಕ್ತೀನಿ. ನಾಲ್ಕು ಇಡ್ಲಿ ಮಾತ್ರ ತೆಗೆಯಲ್ಲ.