ತಂಗಿ ರಾತ್ರಿ 2 ಗಂಟೆಗೆ ತನ್ನದೇ ಫೋಟೊ ನೋಡುತ್ತಾ ಕೂತಿರುತ್ತಾಳೆ, ಏನು ಮಾಡಲಿ?

ಹಿರಿಯಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 15 ವರ್ಷ. ನನಗೂ ಅವಳಿಗೂ 11 ವರ್ಷ ಅಂತರ. ಅಮ್ಮನಿಗಿಂತ ಜಾಸ್ತಿ ನನ್ನ ಹತ್ತಿರವೇ ಮಾತಾಡುತ್ತಿದ್ದಳು, ಈಗ ಐದಾರು ತಿಂಗಳಿಂದ ಅದೂ ನಿಂತಿದೆ. ಮೊನ್ನೆ ರಾತ್ರಿ ನೀರು ಕುಡಿಯಲು ಎದ್ದಾಗ ಅವಳ ಹೊದಿಕೆಯೊಳಗೆ ಬೆಳಕು ಕಾಣಿಸಿತು. ಗಂಟೆ 2. ಹೋಗಿ ಪಕ್ಕದಲ್ಲಿ ಕೂತೆ. ಸಂಜೆ ಹಾಕಿದ್ದ ತನ್ನದೇ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಳು. ಮೂಗು, ಕೆನ್ನೆ, ಮತ್ತೆ ಮೂಗು. ಆಮೇಲೆ ಗೆಳತಿಯ ಫೋಟೊ ತೆಗೆದು ಅದನ್ನೂ ಹಾಗೇ. "ಅಕ್ಕಾ, ನನ್ನ ಮುಖ ಒಂದು ಕಡೆ ದಪ್ಪ ಇದೆ ಅಲ್ವಾ?" ಅಂದಳು. ನನಗೆ ಏನೂ ತೋಚಲಿಲ್ಲ. "ಸುಮ್ನೆ ಮಲಗು" ಅಂದುಬಿಟ್ಟೆ. ಅವತ್ತಿನಿಂದ ಅದೇ ಕೊರೆಯುತ್ತಿದೆ.

ಫೋಟೊ ಹಾಕಿ ಅರ್ಧ ಗಂಟೆಯೊಳಗೆ ಅಂದುಕೊಂಡಷ್ಟು ಲೈಕ್ ಬರದಿದ್ದರೆ ಅಳಿಸಿಬಿಡುತ್ತಾಳೆ. ಊಟ ಅರ್ಧಕ್ಕೇ ಬಿಡುತ್ತಾಳೆ. ಚಿತ್ರ ಬರೆಯುವ ಹುಚ್ಚಿತ್ತು, ಬಣ್ಣದ ಡಬ್ಬಿ ಮುಟ್ಟಿ ಎಷ್ಟೋ ದಿನವಾಯಿತು. ಅಪ್ಪ ಫೋನ್ ಕಿತ್ತಿಡೋಣ ಅನ್ನುತ್ತಾರೆ. ಅಮ್ಮ ಈ ವಯಸ್ಸೇ ಹಾಗೆ, ಸರಿಹೋಗುತ್ತಾಳೆ ಅನ್ನುತ್ತಾರೆ. ಯಾರ ಮಾತು ಕೇಳಲಿ? ಇದೆಲ್ಲ ಸೋಷಿಯಲ್ ಮೀಡಿಯಾದಿಂದಲೇ ಆಗಿದ್ದೋ, ಬೇರೆ ಏನಾದರೂ ಇದೆಯೋ?

ಶಾಲೆಯ ಕೌನ್ಸೆಲರ್:
"ಮುಖ ಒಂದು ಕಡೆ ದಪ್ಪ" ಅನ್ನುವಂಥ ಮಾತನ್ನು ನಾನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹುಡುಗರೂ ಬರುತ್ತಾರೆ. ತೋಳು ಸಣ್ಣ, ಎದೆ ಅಗಲ ಇಲ್ಲ ಅನ್ನುವುದು ಅವರ ಕೊರಗು. ಫಿಲ್ಟರ್ ಹಾಕಿದ ಮುಖಗಳನ್ನೇ ದಿನವಿಡೀ ನೋಡುತ್ತಿದ್ದರೆ ಕನ್ನಡಿಯಲ್ಲಿ ಕಾಣುವ ಮುಖವೇ ತಪ್ಪು ಅನ್ನಿಸತೊಡಗುತ್ತದೆ. ಇದು ಕಂಪನಿಗಳಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. 2021ರಲ್ಲಿ ಫೇಸ್‌ಬುಕ್‌ನಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗನ್ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಹೊರಹಾಕಿದರು. ದೇಹದ ಬಗ್ಗೆ ಬೇಸರವಾದಾಗ ಅದೇ ಕಂಪನಿಯ ಇನ್‌ಸ್ಟಾಗ್ರಾಂ ನೋಡಿದರೆ ಅದು ಇನ್ನೂ ಹೆಚ್ಚುತ್ತದೆ ಅಂತ ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 32 ಮಂದಿ ಹೇಳಿದ್ದು ಕಂಪನಿಯ ಸ್ವಂತ ಸಮೀಕ್ಷೆಯಲ್ಲೇ ಇತ್ತು.

ಅಪ್ಪನಿಗೆ ಹೇಳಿ, ಫೋನ್ ಕಿತ್ತಿಡುವುದು ಬೇಡ. ರಾತ್ರಿ 2 ಗಂಟೆಗೆ ಅವಳು ನಿಮ್ಮನ್ನು ಕೇಳಿದಳಲ್ಲ, ಆ ಬಾಗಿಲು ಮುಚ್ಚಿಹೋಗುತ್ತದೆ. ಮೊದಲು ನಿದ್ದೆ ಸರಿ ಮಾಡಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಮನೆಯಲ್ಲಿ ಎಲ್ಲರ ಫೋನೂ, ಅಪ್ಪ ಅಮ್ಮನದೂ, ಮಲಗುವ ಕೋಣೆಯಿಂದ ಹೊರಗೆ ಚಾರ್ಜಿಗೆ ಹಾಕಿ. ಅವಳೊಬ್ಬಳದ್ದನ್ನೇ ಇಟ್ಟರೆ ಅದು ಶಿಕ್ಷೆ ಆಗುತ್ತದೆ. ಇನ್ನು ಅಮ್ಮನ ಮಾತಿಗೆ ನಾನು ಒಪ್ಪುವುದಿಲ್ಲ. ಊಟ ಬಿಡುವುದು, ಇಷ್ಟದ ಕೆಲಸ ಬಿಡುವುದು ಎರಡು ವಾರ ದಾಟಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. "ಬದುಕಿ ಏನು ಪ್ರಯೋಜನ" ಅನ್ನುವಂಥ ಮಾತು ಬಂದರಂತೂ ಅದೇ ದಿನ.

ಅಂಕಿಸಂಖ್ಯೆ:
ಕೌನ್ಸೆಲರ್ ಅವರ ಸಲಹೆಗೆ ನನ್ನ ತಕರಾರಿಲ್ಲ. ಆದರೆ ಎಲ್ಲವನ್ನೂ ಫೋನಿನ ತಲೆಗೆ ಕಟ್ಟಬೇಡಿ. 2019ರಲ್ಲಿ ಸಂಶೋಧಕಿ ಆಮಿ ಓರ್ಬೆನ್ ಮತ್ತು ಅವರ ಜೊತೆಗಾರರು 3 ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದರು. ಮಕ್ಕಳ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇಕಡಾ 0.4 ಅಂತ ಬಂತು. ಮೊದಲೇ ನೊಂದ ಮಗು ಫೋನಿನೊಳಗೆ ಹೋಗಿ ಕೂರುವುದೂ ಉಂಟಲ್ವಾ? ಶಾಲೆಯಲ್ಲಿ, ಗೆಳತಿಯರ ನಡುವೆ ಏನಾದರೂ ನಡೆದಿದೆಯಾ ಅಂತ ಮೊದಲು ಕೇಳಿ.

ಶಾಲೆಯ ಕೌನ್ಸೆಲರ್:
ಕೇಳಲೇಬೇಕಾದ ಪ್ರಶ್ನೆ ಅದು, ನಿಜ. ಆದರೆ 0.4 ಅನ್ನುವುದು ಎಲ್ಲರನ್ನೂ ಸೇರಿಸಿದ ಲೆಕ್ಕ. ಗೆಳೆಯರ ಜೊತೆ ಹರಟುವವನೂ ಅದರಲ್ಲಿದ್ದಾನೆ, ರಾತ್ರಿಯಿಡೀ ತನ್ನ ಮೂಗು ಅಳೆಯುವ ಹುಡುಗಿಯೂ ಅದರಲ್ಲಿದ್ದಾಳೆ. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಅವರಲ್ಲಿ ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ದಿನಕ್ಕೆ ತಲಾ 10 ನಿಮಿಷ ಮಾತ್ರ, ಮೂರು ವಾರ. ಆ ಗುಂಪಿನವರಲ್ಲಿ ಒಂಟಿತನವೂ ಖಿನ್ನತೆಯೂ ಕಡಿಮೆಯಾದವು. ಪೂರ್ತಿ ಬಿಡಿಸಿರಲಿಲ್ಲ, ಗಮನಿಸಿ.

ಮಳೆಹನಿ:
ಅಕ್ಕಾ, ನನಗೀಗ 20. ನಿಮ್ಮ ತಂಗಿಯ ಜಾಗದಲ್ಲಿ ನಾನಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಆಗ ದಿನಾ ಒಬ್ಬರಿಗೊಬ್ಬರು ಫೋಟೊ ಕಳಿಸುತ್ತಾ ಸ್ಟ್ರೀಕ್, ಅಂದರೆ ಎಷ್ಟು ದಿನ ಬಿಡದೆ ಕಳಿಸಿದ್ದೇವೆ ಅನ್ನುವ ಎಣಿಕೆ, ಉಳಿಸಿಕೊಳ್ಳುವ ಹುಚ್ಚು ನಮಗೆ. ಜ್ವರ ಬಂದು ಆಸ್ಪತ್ರೆಗೆ ಸೇರಿದ ದಿನ ಒಬ್ಬ ಗೆಳತಿಗೆ ಪಾಸ್‌ವರ್ಡ್ ಕೊಟ್ಟು "ನನ್ನ ಬದಲು ನೀನೇ ಕಳಿಸು" ಅಂತ ಬೇಡಿಕೊಂಡಿದ್ದೆ, ಡ್ರಿಪ್ ಹಾಕಿದ ಕೈಯಲ್ಲೇ ಟೈಪ್ ಮಾಡಿ. ಕಳಿಸಿದ್ದೆಲ್ಲ ಗೋಡೆಯ ಫೋಟೊ, ಚಾವಣಿಯ ಫೋಟೊ. ಮಾತಿಲ್ಲ ಕತೆಯಿಲ್ಲ. ಆದರೂ ಆ ಅಂಕಿ ಸೊನ್ನೆಗೆ ಇಳಿದರೆ ಗೆಳೆತನವೇ ಹೋಯಿತು ಅಂತ ಎದೆ ಹೊಡೆದುಕೊಳ್ಳುತ್ತಿತ್ತು.

ಸಣ್ಣಗಾಗುವ ವಿಡಿಯೊ ಒಂದನ್ನು ಪೂರ್ತಿ ನೋಡಿದರೆ ಸಾಕು, ಮುಂದೆ ಬರುವುದೆಲ್ಲ ಅಂಥವೇ. ನಾನು ಹುಡುಕಿದ್ದಲ್ಲ, ತಾನಾಗಿ ಬಂದು ನಿಲ್ಲುತ್ತಿದ್ದವು. ಬೆರಳು ಎಳೆದಷ್ಟೂ ಮುಗಿಯದ ಈ ಪುಟವನ್ನು 2006ರಲ್ಲಿ ಮಾಡಿದ ಆಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕೆ ನೊಂದುಕೊಂಡಿದ್ದಾರೆ ಅಂತ ಗೊತ್ತಾದಾಗ ನನಗೆ ಅಳುವೇ ಬಂತು, ಯಾಕೆಂದರೆ ಅಷ್ಟು ವರ್ಷ ತಪ್ಪೆಲ್ಲ ನನ್ನದೇ, ನನ್ನ ಮನಸ್ಸೇ ಗಟ್ಟಿ ಇಲ್ಲ ಅಂದುಕೊಂಡಿದ್ದೆ.

ನನ್ನನ್ನು ಹೊರಗೆ ಎಳೆದಿದ್ದು ಅಣ್ಣ. ಬುದ್ಧಿ ಹೇಳಲಿಲ್ಲ. ಪಕ್ಕ ಕೂತು "ನನಗೂ ತೋರಿಸು" ಅಂದ. ಇಬ್ಬರೂ ಸುಮಾರು ಒಂದು ಗಂಟೆ ನೋಡಿದೆವು. ಪ್ರತಿ ವಿಡಿಯೊ ಮುಗಿದಾಗ "ಇದು ನೋಡಿ ನಿನಗೆ ಹೇಗನ್ನಿಸಿತು?" ಅಂತ ಕೇಳುತ್ತಿದ್ದ, ಅಷ್ಟೇ. ಹತ್ತನೆಯದಕ್ಕೆ ನಾನೇ "ಇಂಥದ್ದು ಬೇಡ" ಅನ್ನುವ ಬಟನ್ ಒತ್ತಿದೆ. ಲೈಕ್ ಎಣಿಕೆ ಕಾಣದ ಹಾಗೆ ಮಾಡುವ ಸೆಟ್ಟಿಂಗ್ ಕೂಡ ಅವತ್ತೇ ಹಾಕಿಕೊಂಡೆ. ಒಂದೇ ದಿನದಲ್ಲಿ ಸರಿಹೋಗಲಿಲ್ಲ, ತಿಂಗಳುಗಟ್ಟಲೆ ಹಿಡಿಯಿತು. ಅವಳು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಕೊಡಬಹುದು ಅಕ್ಕಾ, ಹೋಗಿ ಮಾತಾಡಿ.

ಹಿರಿಯಕ್ಕ:
ಮಾತಾಡಿದೆ. ನಿನ್ನೆ ರಾತ್ರಿ ಅವಳ ಪಕ್ಕ ಮಲಗಿ "ಅವತ್ತು ಮುಖದ ಬಗ್ಗೆ ಕೇಳಿದೆಯಲ್ಲ, ಹಾಗಂತ ಯಾರು ಹೇಳಿದರು?" ಅಂದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಫೋನ್ ತೆಗೆದು ನನ್ನ ಕೈಗೇ ಕೊಟ್ಟಳು. ಕ್ಲಾಸಿನ ಗ್ರೂಪಿನಲ್ಲಿ ಯಾರೋ ಅವಳ ಫೋಟೊದ ಮಧ್ಯೆ ಗೆರೆ ಎಳೆದು, ಎರಡೂ ಕೆನ್ನೆ ಅಳೆದು ಹಾಕಿದ್ದಾರೆ. ಕೆಳಗೆ 23 ಜನ ನಗುವ ಇಮೋಜಿ ಒತ್ತಿದ್ದಾರೆ. ಅವಳು ಅದರಲ್ಲಿ ಒಬ್ಬೊಬ್ಬರ ಹೆಸರೂ ಬಾಯಿಪಾಠ ಹೇಳಿದಳು. ಅವಳ ಆಪ್ತ ಗೆಳತಿಯೂ ಇದ್ದಾಳೆ ಅದರಲ್ಲಿ. ಅಂಕಿಸಂಖ್ಯೆ ಅವರು ಶಾಲೆಯ ಬಗ್ಗೆ ಕೇಳಿ ಅಂದಿದ್ದು ಸರಿಯಾಗಿತ್ತು, ಆದರೆ ಶಾಲೆ ಬಿಟ್ಟ ಮೇಲೂ ಅದು ಅವಳ ಹೊದಿಕೆಯೊಳಗೆ ಬಂದಿತ್ತು. ಈಗಲೇ ಟೀಚರಿಗೆ ಫೋನ್ ಮಾಡಬೇಕು ಅನ್ನಿಸುತ್ತಿದೆ. ಮಾಡಲಾ?

ಶಾಲೆಯ ಕೌನ್ಸೆಲರ್:
ಒಂದು ದಿನ ತಡೆಯಿರಿ. ಆ ಪೋಸ್ಟು, ಹೆಸರುಗಳು, ದಿನಾಂಕ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಅವರು ಅಳಿಸಿಬಿಡಬಹುದು. ಟೀಚರ್ ಹತ್ತಿರ ಹೋಗುವ ಮುಂಚೆ ತಂಗಿಯನ್ನು ಕೇಳಿ, ಯಾರ ಹತ್ತಿರ ಹೇಳೋಣ, ನೀನೂ ಬರುತ್ತೀಯಾ, ಕ್ಲಾಸಿನ ಎದುರು ಹೇಳಬಾರದು ಅಂತ ಹೇಳಲಾ ಅಂತ. ಅವಳಿಗೆ ಗೊತ್ತಿಲ್ಲದೆ ಹೋಗಬೇಡಿ. ಡಾಕ್ಟರ್ ವಿಷಯ ಇದರಿಂದ ಬಿಟ್ಟುಹೋಗದಿರಲಿ, ಊಟ ಹೇಗಿದೆ ಅಂತ ನಾಳೆ ಬರೆಯಿರಿ.